ಅಡಿಗೆಮನೆಗೆ ಹೋಗದ ಚೀಟಿ

ಊರಿನಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದೊಡನೆ ನೆನಪಾಗುವುದು 1941ರಲ್ಲಿ ಪರೇಲಿನಲ್ಲಿ ಆರಂಭವಾದ ಟಾಟಾ ಆಸ್ಪತ್ರೆ. ಅದರ ಬೆನ್ನಿಗೇ ಅಂಧೇರಿಯ ನಮ್ಮಂಥವರ ಎರಡು ಕೋಣೆಗಳ ಮನೆ. ನಂಟರ ಫೈಲು ಹಿಡಿದು ಬೆಳಗಿನ ಲೋಕಲ್ ಗಾಡಿ ಹತ್ತುವುದು, ಡಾಕ್ಟರರು ಹಿಂದಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ತಿಳಿಸುವುದು ಇಲ್ಲಿ ಅನೇಕ ಮನೆಗಳ ರೂಢಿ.

2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಬಂದಾಗ, ಸಿ.ಎಲ್.ಎಲ್. ಎಂಬ ರಕ್ತಕ್ಯಾನ್ಸರಿನ ಚಿಕಿತ್ಸೆಗೆಂದು ನಮ್ಮಲ್ಲಿ ಇಳಿದಿದ್ದ ಭಾವನವರು, "ಇದರಿಂದ ನನಗೇನಾದರೂ ಪ್ರಯೋಜನ ಉಂಟೋ?" ಎಂದು ಕೇಳಿದರು.

ಅವರು ಉಡುಪಿಯಲ್ಲಿ ಹೋಟೆಲು ನಡೆಸಿದವರು. ಆದ್ದರಿಂದ ಹೋಟೆಲಿನ ಮಾತಿನಲ್ಲೇ ಹೇಳಿದೆವು. ಜೀವಕೋಶದ ಡಿಎನ್‌ಎ ಎಂದರೆ ಅಡಿಗೆಯ ವಿವರ ಬರೆದಿಟ್ಟ ದೊಡ್ಡ ಪುಸ್ತಕ. ಅದರಿಂದ ನಕಲಾದ ಆರ್‌ಎನ್‌ಎ ಚೀಟಿ ಅಡಿಗೆಮನೆಗೆ ಹೋದರೆ ಪ್ರೊಟೀನು ತಯಾರಾಗುತ್ತದೆ. ಮನುಷ್ಯನ ಪುಸ್ತಕದಲ್ಲಿ ಪ್ರೊಟೀನಿನ ಬರಹ ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದುದರಲ್ಲಿ ಬಹುಭಾಗವನ್ನು ಹಿಂದೆ ಕಸವೆಂದು ಕರೆದದ್ದುಂಟು. ಆದರೆ ಅಲ್ಲಿಂದಲೂ ಆರ್‌ಎನ್‌ಎ ಹುಟ್ಟುತ್ತದೆ. ಸುಮಾರು 22 ಅಕ್ಷರಗಳ ಮೈಕ್ರೋ ಆರ್‌ಎನ್‌ಎ ಅಂಥದು; ತಾನು ಅಡಿಗೆಗೆ ಹೋಗದೆ ಬೇರೆ ಚೀಟಿಗಳನ್ನು ತಡೆಯುವುದೇ ಅದರ ಕೆಲಸ. ಮೊದಲು ಅದು ಕಂಡದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ.

ಸಿ.ಎಲ್.ಎಲ್. ರೋಗಿಗಳಲ್ಲಿ ಅನೇಕರಿಗೆ ಮಿರ್-15, ಮಿರ್-16 ಎಂಬ ಇಂಥ ಎರಡು ಆರ್‌ಎನ್‌ಎಗಳು ಇಲ್ಲವಾಗಿರುವುದನ್ನೋ ಕುಗ್ಗಿರುವುದನ್ನೋ 2002ರಲ್ಲಿ ಅಮೆರಿಕದ ಕಾರ್ಲೊ ಕ್ರೋಚೆ ಅವರ ತಂಡ ತೋರಿಸಿತು. ಅವು ಬಿಸಿಎಲ್-2 ಎಂಬ ಪ್ರೊಟೀನಿನ ಚೀಟಿಯನ್ನು ತಡೆಯುತ್ತವೆಂದು 2005ರಲ್ಲಿ ತಿಳಿಯಿತು. ತಡೆಯುವವರಿಲ್ಲದೆ ಆ ಪ್ರೊಟೀನು ಹೆಚ್ಚಿದರೆ, ಸಾಯಬೇಕಾದ ಜೀವಕೋಶ ಸಾಯದೆ ಉಳಿದುಬಿಡುತ್ತದೆ.

"ಹಾಗಾದರೆ ಅದನ್ನೇ ಮದ್ದಾಗಿ ಕೊಡಬಾರದೋ?" ಎಂದರು ಭಾವನವರು. ಬೇರೆ ಕ್ಯಾನ್ಸರುಗಳಿಗೆ ಮಿರ್-34ನ್ನು ಹೋಲುವ ಔಷಧವೊಂದನ್ನು 2013ರಿಂದ ರೋಗಿಗಳಲ್ಲಿ ಪರೀಕ್ಷಿಸಿದರು; ಅದರ ತೀವ್ರ ದುಷ್ಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷ ಬಿಸಿಎಲ್-2 ಪ್ರೊಟೀನನ್ನೇ ಕಟ್ಟಿಹಾಕುವ ವೆನೆಟೊಕ್ಲಾಕ್ಸ್ ಮಾತ್ರೆಗೆ, ಸಿ.ಎಲ್.ಎಲ್. ರೋಗಿಗಳಲ್ಲಿ ಕೆಲವರಿಗಾಗಿ, ಅಮೆರಿಕದಲ್ಲಿ ಅನುಮತಿ ದೊರೆಯಿತು. ನೊಬೆಲಿನ ಹೆಸರು ಹೇಳಿ ಯಾರಾದರೂ ಮದ್ದು ಮಾರಿದರೆ ಕೊಳ್ಳುವುದು ಬೇಡ, ಈ ಮಾತ್ರೆಯ ವಿಚಾರ ಡಾಕ್ಟರರನ್ನೇ ಕೇಳೋಣ ಎಂದೆವು. ಅವರು ಒಪ್ಪಿದರು. ಆ ರಾತ್ರಿ ಸರಿಯಾಗಿ ಊಟವನ್ನೂ ಮಾಡಿದರು.

ಊರಿನಿಂದ ಬರುವವರಿಗೆ ನಮ್ಮ ಮನೆಗಳಲ್ಲಿ ಊಟ, ಹಾಸಿಗೆಗೆ ಕೊರತೆಯಾಗುವುದಿಲ್ಲ. ಅವರ ಪ್ರಶ್ನೆಗೆ ಅವರದೇ ಮಾತಿನಲ್ಲಿ, ಇದ್ದದ್ದನ್ನು ಇದ್ದಹಾಗೆ ಹೇಳುವ ಉತ್ತರವೂ ದೊರೆಯಬೇಕೆಂದು ನಮ್ಮ ಅನಿಸಿಕೆ.