ಡೇರೆಗೆ ಅಂಟಿದ ನಾತ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ದೊಡ್ಡ ವಿಷಯಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಒಬ್ಬರು ದೇಶಪ್ರೇಮವನ್ನು ಕುರಿತು ಬರೆದರೆ ಮತ್ತೊಬ್ಬರು ಯುವಜನರ ಕರ್ತವ್ಯವನ್ನು ಕುರಿತು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ನಾಯಿಯ ನಾತವನ್ನು ಕುರಿತು. ವಾಚಕರು ಮೂಗು ಮುರಿಯಬಾರದು. ಮೂಗು ಮುಚ್ಚಿಕೊಳ್ಳುವುದಾದರೆ ನನ್ನ ಅಡ್ಡಿಯಿಲ್ಲ.

ನಮ್ಮದು ಚಳ್ಳಕೆರೆಯ ಕಡೆಯ ಒಂದು ಹಟ್ಟಿ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರೆಂಬುದು ತಮಗೆಲ್ಲ ತಿಳಿದೇ ಇದೆ. ನಮ್ಮಪ್ಪ ಕುರಿ ಕಾಯುವವರು. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಮಂದೆಯನ್ನು ಹೊಡೆದುಕೊಂಡು ದೂರದ ಊರುಗಳಿಗೆ ಹೋಗುತ್ತಾರೆ. ರಾತ್ರಿ ಯಾರದಾದರೂ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಹೀಗಾಗಿ ನಾನು ‘ಕ್ಯಾಂಪು’ ಎಂಬ ಮಾತನ್ನು ಕಲಿಯುವ ಎಷ್ಟೋ ವರ್ಷ ಮೊದಲೇ ನಮ್ಮಪ್ಪ ವರ್ಷದಲ್ಲಿ ನಾಲ್ಕು ತಿಂಗಳು ಕ್ಯಾಂಪಿನಲ್ಲಿಯೇ ಇರುತ್ತಿದ್ದರು. ಅವರ ಸರಂಜಾಮೆಂದರೆ ಒಂದು ಕೋಲು, ಒಂದು ಬುತ್ತಿ, ಒಂದು ಕರಿಯ ಕಂಬಳಿ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿಯನ್ನು ಬಳಿದು ಗಟ್ಟಿಯಾಗಿ ನೇಯ್ದ ಆ ಕಂಬಳಿಯೇ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬಿಸಿಲಿಗೆ ಚಪ್ಪರ. ಜೊತೆಗೆ ಕರಿಯ ಎಂಬ ನಾಯಿ. ಕಂಬಳಿಯ ಒಂದು ಮೂಲೆ ಯಾವಾಗಲೂ ಕರಿಯನದು.

ನಾನು ಕಾಲೇಜಿಗೆ ಸೇರಿ ರೋವರ್ ಘಟಕಕ್ಕೂ ಸೇರಿಕೊಂಡೆ. 2024ನೆಯ ಇಸವಿಯ ಡಿಸೆಂಬರಿನಲ್ಲಿ ನಾವು ಕೆಲವರು ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ಬಿಡಾರ ಮಾಡುವುದೆಂದು ನಿಶ್ಚಯವಾಯಿತು. ಕೆರೆ, ಗುಡ್ಡ, ಸ್ಕೌಟರ ತರಬೇತಿ ಕೇಂದ್ರ, ಇವು ಇರುವ ಸ್ಥಳ ಅದು. ಬಹುದಿನ ಸುತ್ತಿಟ್ಟಿದ್ದ ಡೇರೆಯೊಂದನ್ನೂ ಎರಡು ಸ್ಲೀಪಿಂಗ್ ಬ್ಯಾಗುಗಳನ್ನೂ ಮನೆಗೆ ಕೊಂಡೊಯ್ದು ಗಾಳಿಗೆ ಹರವಿ ತರುವ ಹೊಣೆಯನ್ನು ನಮ್ಮ ಮೇಷ್ಟ್ರು ನನಗೆ ವಹಿಸಿದರು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಹೆಬ್ಬೆಟ್ಟು ಒತ್ತದೆ ಸಹಿ ಮಾಡಿ ಸರ್ಕಾರದ ಸಾಮಾನನ್ನು ಮನೆಗೆ ತಂದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ. ಆ ದಿನ ಬಸ್ಸಿನಲ್ಲಿ ಡೇರೆಯ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮನೆಯ ಮುಂದೆ ಡೇರೆಯನ್ನು ಎತ್ತಿ ನಿಲ್ಲಿಸಿದೆ. ಹಟ್ಟಿಯ ಹುಡುಗರೆಲ್ಲ ನೆರೆದರು. ಅಪ್ಪ ಒಳಗೆ ಹೋಗಿ ಕುಳಿತು, ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡಿ, “ಗಾಳಿಗೆ ನಿಲ್ತೈತೇನ್ಲಾ ಇದು?” ಎಂದರು. ಎರಡು ದಿನ ಅದು ಹಾಗೆಯೇ ನಿಂತಿತ್ತು. ಮೂರನೆಯ ಬೆಳಿಗ್ಗೆ ನೋಡುತ್ತೇನೆ, ಕರಿಯ ಸ್ಲೀಪಿಂಗ್ ಬ್ಯಾಗಿನ ಮೇಲೆ ಸುಖನಿದ್ರೆಯಲ್ಲಿದ್ದಾನೆ! ಡೇರೆಯ ಮೂಲೆಯೊಂದಕ್ಕೆ ಕಾಲೆತ್ತಿ ತನ್ನ ಸಹಿಯನ್ನೂ ಹಾಕಿದ್ದಾನೆ. ಎರಡು ಕೊಡ ನೀರು ಸುರಿದು, ಸೋಪಿನ ಪುಡಿಯಲ್ಲಿ ತಿಕ್ಕಿದೆ. ಮರುದಿನವೇ ಹೊರಡಬೇಕಾಗಿದ್ದುದರಿಂದ ಅರೆಒಣಗಿದ್ದನ್ನೇ ಸುತ್ತಿ ಕಟ್ಟಿದೆ. ಮೂಸಿ ನೋಡಿದೆ, ನನ್ನ ಮೂಗಿಗೆ ಏನೂ ತಿಳಿಯಲಿಲ್ಲ.

ಕೊಂಡಜ್ಜಿಯ ಮೊದಲನೆಯ ರಾತ್ರಿ ಇಬ್ಬನಿ ಚೆನ್ನಾಗಿ ಸುರಿಯಿತು. ಡೇರೆಯೊಳಗೆ ನಾವು ನಾಲ್ವರು. ನಮ್ಮ ಉಸಿರಿನ ಬಿಸಿಗೂ ಹೊರಗಿನ ತಂಪಿಗೂ ಬಟ್ಟೆಯ ಒಳಮೈ ಬೆವರತೊಡಗಿತು. ಆಗ ಎದ್ದಿತು ನೋಡಿ, ಆ ನಾತ! ಒಬ್ಬ ಗೆಳೆಯ ಎದ್ದು ಕುಳಿತು ಟಾರ್ಚು ಹಾಕಿ, “ಏನೋ ಇದು, ನಾಯಿ ಸತ್ತಂಗೆ ವಾಸನೆ!” ಎಂದ. ಟಾರ್ಚಿನ ಬೆಳಕು ಸುತ್ತಿ ಸುತ್ತಿ ಮೂಲೆಯಲ್ಲಿ ಮಲಗಿದ್ದವನ ಮೇಲೆ ನಿಂತಿತು. ಅವನು ಹೊಸದುರ್ಗದ ಕಡೆಯ ಹುಡುಗ, ಬಹಳ ಸಂಕೋಚದವನು. ಸ್ಲೀಪಿಂಗ್ ಬ್ಯಾಗು ಎಲ್ಲರಿಗೂ ಸಾಲದೆ ಇದ್ದುದರಿಂದ ಮನೆಯಿಂದ ತನ್ನ ತಾತನ ಕಂಬಳಿಯನ್ನು ತಂದಿದ್ದ. “ಇನ್ನೇನು, ಈ ಕಂಬಳಿಯದೇ!” ಎಂದು ಒಬ್ಬ ತೀರ್ಪು ಕೊಟ್ಟ. ಎಲ್ಲರೂ ನಕ್ಕರು.

ನಾನೂ ನಕ್ಕೆ.

ಕಂಬಳಿಯ ವಾಸನೆ ಹೇಗಿರುತ್ತದೆಂಬುದು ಆ ಡೇರೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಉಣ್ಣೆಯ ಜಿಡ್ಡು, ಒಲೆಯ ಹೊಗೆ, ಮಳೆಯ ತೇವ, ಇವು ಕೂಡಿದ ವಾಸನೆ ಅದು; ನಾನು ಹುಟ್ಟಿದಂದಿನಿಂದ ಅದನ್ನೇ ಹೊದ್ದು ಬೆಳೆದವನು. ಈ ನಾತ ಅದಲ್ಲವೆಂದು ನನಗೆ ಗೊತ್ತು. ಇದು ಯಾರದೆಂದೂ ಗೊತ್ತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಆ ಮಾತಿನ ಹಿಂದೆಯೇ ನಮ್ಮ ಹಟ್ಟಿ, ನಮ್ಮ ಕುರಿರೊಪ್ಪ, ನಮ್ಮಪ್ಪ, ಎಲ್ಲರೂ ಆ ಟಾರ್ಚಿನ ಬೆಳಕಿಗೆ ಬಂದು ನಿಲ್ಲುತ್ತಾರೆಂದು ಭಯವಾಯಿತು. ಆ ಹುಡುಗ ಮಾತನಾಡದೆ ಕಂಬಳಿಯನ್ನು ಮಡಚಿಕೊಂಡು ಹೊರಗೆ ಹೋಗಿ, ಆರುತ್ತಿದ್ದ ಬೆಂಕಿಯ ಪಕ್ಕದಲ್ಲಿ ಮಲಗಿದ. ಅವನು ಹೋದ ಮೇಲೂ ನಾತ ಹೋಗಲಿಲ್ಲ. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಎರಡನೆಯ ರಾತ್ರಿಯೂ ಅವನು ಹೊರಗೇ ಮಲಗಿದ. ಬೆಳಿಗ್ಗೆ ಕೇಳಿದ್ದಕ್ಕೆ, “ಹೊರಗೇ ಚೆನ್ನಾಗಿತ್ತು ಕಣೋ, ಚುಕ್ಕಿ ಕಾಣ್ತಿದ್ವು” ಎಂದ.

ಊರಿಗೆ ಬಂದ ಮೇಲೆ ಡೇರೆಯನ್ನು ಹಿಂದಿರುಗಿಸಲು ಎಂಟು ದಿನಗಳ ವಾಯಿದೆ ಇತ್ತು. ಈ ನಾತವನ್ನು ಕಳೆದೇ ತೀರುವೆನೆಂದು ಪಣ ತೊಟ್ಟೆ. ಮೊದಲು ಮಲ್ಲಿಗೆಯ ಪರಿಮಳದ ಪೌಡರನ್ನು ಉದುರಿಸಿದೆ. ಮಲ್ಲಿಗೆ ಮುಡಿದ ನಾಯಿಯ ವಾಸನೆ ಬಂತು. ಆಮೇಲೆ ಅಡಿಗೆ ಸೋಡಾ ಒಳ್ಳೆಯದೆಂದು ಒಬ್ಬರು, ವಿನೆಗರ್ ಒಳ್ಳೆಯದೆಂದು ಇನ್ನೊಬ್ಬರು ಹೇಳಿದರು. ಎರಡೂ ಒಳ್ಳೆಯವಾದರೆ ಕೂಡಿದಾಗ ಇನ್ನೂ ಒಳ್ಳೆಯದಾಗಬೇಕಲ್ಲವೆ? ಎರಡನ್ನೂ ಬೆರೆಸಿದೆ. ಬುಸ್ಸೆಂದು ನೊರೆ ಉಕ್ಕಿತು. ಅದರ ಪ್ರತಾಪವನ್ನು ಕಂಡು ನಾನು ಹಿಗ್ಗಿದೆ. ನೊರೆ ಇಳಿಯಿತು, ನಾತ ಇದ್ದಲ್ಲಿಯೇ ಇದ್ದಿತು. ಕೊನೆಗೆ ಬ್ಲೀಚಿಂಗ್ ಪುಡಿಯನ್ನು ತರಲು ಹೊರಟಿದ್ದೆ. ಅಷ್ಟರಲ್ಲಿ ಅಪ್ಪ ಕುಂಟುತ್ತಿದ್ದ ಕುರಿಯೊಂದನ್ನು ಪಶು ಆಸ್ಪತ್ರೆಗೆ ಒಯ್ಯಬೇಕಾಯಿತು. ನಾನೂ ಜೊತೆಗೆ ಹೋದೆ. ನಾಚುತ್ತ ನಾಚುತ್ತ ವೈದ್ಯರನ್ನು ಕೇಳಿದೆ. ಅವರು ನಕ್ಕರು, ಆದರೆ ನನ್ನನ್ನು ಹೊರಗೆ ಕಳಿಸುವ ನಗೆಯಲ್ಲ ಅದು. ಕುರಿಯ ಗೊರಸನ್ನು ನೋಡುತ್ತಲೇ ಅರ್ಧ ಗಂಟೆಯ ಪಾಠವನ್ನು ಹೇಳಿದರು. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ; ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಾಯಿಯ ಮೂತ್ರದಲ್ಲಿ ಯೂರಿಯಾ ಇರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಾ ಹುಟ್ಟಿ ಮೂಗಿಗೆ ಹೊಡೆಯುತ್ತದೆ. ಮೈಯ ನಾತ ಬೇರೆ. ಅದು ಕೂದಲಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಬರುವುದು. ಎರಡೂ ಒಣಗಿದಾಗ ಅಡಗಿ, ತೇವ ತಾಗಿದಾಗ ಎದ್ದೇಳುತ್ತವೆ. ಹಟ್ಟಿಯ ಬಿಸಿಲಿನಲ್ಲಿ ಸುಮ್ಮನಿದ್ದುದು ಕೊಂಡಜ್ಜಿಯ ಇಬ್ಬನಿಗೆ ಬಾಯಿ ಬಿಟ್ಟುದರ ಗುಟ್ಟು ಇದು. ವಿನೆಗರ್ ಹುಳಿ, ಅಮೋನಿಯಾ ಕ್ಷಾರ. ಹುಳಿ ಅದನ್ನು ಹಿಡಿದು ಕೂರಿಸುತ್ತದೆ. ಸೋಡಾ ಕೂಡ ಕ್ಷಾರವೇ. ಆದುದರಿಂದ ನಾನು ಬೆರೆಸಿದಾಗ ಇವೆರಡೂ ತಮ್ಮತಮ್ಮಲ್ಲೇ ಕಾದಾಡಿ ಸತ್ತವು. ನಾಯಿಯ ನಾತ ದೂರ ನಿಂತು ನೋಡಿತು. ಬ್ಲೀಚಿಂಗ್ ಪುಡಿಯ ಮಾತೆತ್ತಿದಾಗ ಮಾತ್ರ ವೈದ್ಯರು ಗಂಭೀರರಾದರು. ಅದು ಅಮೋನಿಯಾದೊಡನೆ ಕೂಡಿದರೆ ಉಸಿರಿಗೆ ಅಪಾಯಕರವಾದ ಅನಿಲ ಏಳುತ್ತದೆ; ಡೇರೆಯ ಬಟ್ಟೆಯೂ ಕೆಡುತ್ತದೆ.

ಡೇರೆಯ ನೈಲಾನಿನ ಒಳಮೈಗೆ ನೀರು ಸೋಸದಂತೆ ಪಾಲಿಯುರೆಥೇನ್ ಎಂಬ ಲೇಪವಿರುತ್ತದೆ. ಬಿಸಿನೀರು, ಖಾರವಾದ ಸೋಪು, ಬಟ್ಟೆ ಒಗೆಯುವ ಯಂತ್ರ, ಇವೆಲ್ಲ ಅದಕ್ಕೆ ಶತ್ರುಗಳು. ತೇವದಲ್ಲಿ ಸುತ್ತಿಟ್ಟರೆ ಕಾಲಕ್ರಮದಲ್ಲಿ ಆ ಲೇಪವೇ ಕೊಳೆತು ಹುಳಿನಾತ ಹೊಡೆಯುತ್ತದೆ. ಆದ್ದರಿಂದ ಹಳೆಯ ಡೇರೆಯ ನಾತವನ್ನೆಲ್ಲ ನಾಯಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಕ್ರಮ ಹೀಗೆ. ಮೊದಲು ಒಣಗಿರುವಾಗಲೇ ಕೂದಲನ್ನೆಲ್ಲ ತೆಗೆಯಬೇಕು. ರಬ್ಬರಿನ ಕೈಚೀಲವನ್ನು ಕೊಂಚ ಒದ್ದೆ ಮಾಡಿ ಸವರಿದರೆ ಕೂದಲು ತಾನಾಗಿ ಉಂಡೆಗಟ್ಟಿ ಬರುತ್ತದೆ. ಅನಂತರ ತಣ್ಣೀರು, ಮೃದುವಾದ ಸೋಪು, ಸ್ಪಂಜು. ಕಲೆಯಾದ ಕಡೆ ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಸೇರಿಸಿ ಒರಸಿ, ಚೆನ್ನಾಗಿ ಜಾಲಿಸಬೇಕು. ಅದಕ್ಕೂ ಬಗ್ಗದಿದ್ದರೆ ಕಿಣ್ವಗಳ ದ್ರಾವಣ. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ನಾನು ದಾವಣಗೆರೆಯಿಂದ ತರಿಸಿದೆ. ನಾತಕ್ಕೆ ಮೂಲವಾದ ವಸ್ತುವನ್ನು ಕಿಣ್ವಗಳು ಒಡೆದು ಹಾಕುತ್ತವೆ. ಆದರೆ ಅವಕ್ಕೆ ಅವಸರ ಕೂಡದು. ಒದ್ದೆಯಾಗಿಯೇ ಹಲವು ಗಂಟೆ ಬಿಡಬೇಕು. ನಾನು ಮೇಲೊಂದು ಒದ್ದೆಬಟ್ಟೆ ಹೊದಿಸಿ ರಾತ್ರಿಯೆಲ್ಲ ಬಿಟ್ಟೆ. ಸ್ಲೀಪಿಂಗ್ ಬ್ಯಾಗುಗಳನ್ನು ಅವ್ವನ ದೊಡ್ಡ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಅಂಗೈಯಿಂದ ಒತ್ತಿ ಒತ್ತಿ ತೊಳೆದೆ. ಒಳಗಿನ ಪಾಲಿಯೆಸ್ಟರ್ ಗಂಟುಕಟ್ಟದಂತೆ ಆಗಾಗ ಬಿಡಿಸುತ್ತ ಎರಡು ದಿನ ಒಣಗಿಸಿದೆ. ಡೇರೆಯನ್ನು ಬೇವಿನ ಮರದ ನೆರಳಿನಲ್ಲಿ ಹರವಿದೆ. ಕಡುಬಿಸಿಲು ಬಹಳ ಹೊತ್ತು ಬಿದ್ದರೆ ನೈಲಾನು ಸವೆಯುತ್ತದೆ.

ನಾತ ಹೋಯಿತೇ ಎಂದು ತಿಳಿಯುವುದು ಹೇಗೆ? ಇಲ್ಲಿ ವೈದ್ಯರು ಹೇಳಿದ ಮಾತು ನನ್ನನ್ನು ಚುಚ್ಚಿತು. “ನಿನ್ನ ಮೂಗನ್ನು ನಂಬಬೇಡಪ್ಪಾ. ದಿನಾ ಇರೋ ವಾಸನೆಯನ್ನ ಮೂಗು ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ಬಟ್ಟೆಗೆ ಒಂದಿಷ್ಟು ನೀರು ಚಿಮುಕಿಸಿ, ಬೇರೆಯವರ ಕೈಲಿ ಮೂಸಿಸು.” ಬೇರೆಯವರೆಂದರೆ ಯಾರು? ಎರಡು ದಿನ ಯೋಚಿಸಿದೆ. ಹಾಗೆ ನೋಡಿದರೆ ಯೋಚಿಸುವುದಕ್ಕೆ ಏನೂ ಇರಲಿಲ್ಲ.

ಕಾಲೇಜಿನ ಹಿಂದಿನ ಮೈದಾನದಲ್ಲಿ ಡೇರೆಯನ್ನು ಹರವಿ, ನೀರು ಚಿಮುಕಿಸಿ, ಹೊಸದುರ್ಗದ ಗೆಳೆಯನನ್ನು ಕರೆದೆ. “ಮೂಸಿ ನೋಡೋ” ಎಂದೆ. ಅವನು ಮೊಣಕಾಲೂರಿ ಮೂಲೆ ಮೂಲೆಯನ್ನೂ ಮೂಸಿ, “ಏನೂ ಇಲ್ಲ” ಎಂದ. ಆಗ ಹೇಳಿದೆ: ಅದು ನಮ್ಮ ನಾಯಿಯದು, ನಿನ್ನ ಕಂಬಳಿಯದಲ್ಲ, ಅಂದೇ ನನಗೆ ಗೊತ್ತಿತ್ತು ಎಂದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಂಗೂ ಗೊತ್ತಿತ್ತು ಕಣೋ. ನಮ್ಮನೇಲೂ ನಾಯಿ ಐತಲ್ಲ” ಎಂದ. ನನಗೆ ಆ ಮಾತಿಗಿಂತ ಒಂದು ಏಟು ಕೊಟ್ಟಿದ್ದರೆ ಹಗುರವಾಗುತ್ತಿತ್ತು. ಅಂದು ಸಂಜೆ ಉಳಿದ ಇಬ್ಬರಿಗೂ ಮೇಷ್ಟ್ರಿಗೂ ನಡೆದುದನ್ನು ಹೇಳಿದೆ. ಮೇಷ್ಟ್ರು ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿ ಬಂದಿದೆ’ ಎಂದು ಬರೆದು, ನನ್ನಿಂದ ಮತ್ತೊಂದು ಸಹಿ ಹಾಕಿಸಿಕೊಂಡರು.

ಅಪ್ಪನ ಕಂಬಳಿಗೂ ಕಿಣ್ವದ ದ್ರಾವಣ ಹಾಕಲೇ ಎಂದು ವೈದ್ಯರನ್ನು ಆ ದಿನವೇ ಕೇಳಿದ್ದೆ. ಕೂಡದೆಂದರು. ಉಣ್ಣೆಯೂ ಪ್ರೋಟೀನೇ ಆದುದರಿಂದ ಕೆಲವು ಕಿಣ್ವಗಳು ನಾತದ ಜೊತೆಗೆ ಕಂಬಳಿಯನ್ನೂ ತಿನ್ನುತ್ತವೆಯಂತೆ. ಅಂಟುವಾಳದ ನೊರೆ, ತಣ್ಣೀರು, ಗಾಳಿ, ಇಷ್ಟೇ ಅದಕ್ಕೆ ಸಾಕು. ಅಂಟುವಾಳವನ್ನು ನೆನೆಹಾಕಿ ಕಂಬಳಿಯನ್ನು ಕೇಳಿದೆ. ಅಪ್ಪ ಕೊಡಲಿಲ್ಲ. “ನಾಯಿ ವಾಸ್ನೆ ಐತೆ ಅಂದ್ರೆ ಕಾವ್ಲು ಐತೆ ಅಂತ ಲೆಕ್ಕ ಕಣ್ಲಾ” ಎಂದು ಹೇಳಿ, ಅದನ್ನು ಕೋಲಿನಿಂದ ನಾಲ್ಕು ಬಾರಿ ಬಡಿದು, ಹೆಗಲ ಮೇಲೆ ಹಾಕಿಕೊಂಡು ಮಂದೆಯ ಕಡೆಗೆ ಹೊರಟರು. ಕರಿಯ ಹಿಂದೆಯೇ ಹೋದ.

ಮುಂದಿನ ಸಲ ಬಿಡಾರಕ್ಕೆ ಹೋಗುವಾಗ ಸ್ಲೀಪಿಂಗ್ ಬ್ಯಾಗನ್ನು ಬೇರೆ ಯಾರಿಗಾದರೂ ಕೊಡುತ್ತೇನೆ. ನಮ್ಮ ಮನೆಯಲ್ಲಿ ಇನ್ನೊಂದು ಕಂಬಳಿ ಇದೆ.