ಹಿತ್ತಲಿನ ಬದನೆ

ಮೈಸೂರಿನ ಸರಸ್ವತಿಪುರಂನಲ್ಲಿ ಹಿತ್ತಲಿರುವ ಮನೆ ಈಗ ಅಪರೂಪ. ಅಂಥದೊಂದು ಹಿತ್ತಲಲ್ಲಿ ನಿಂತಿದ್ದೇವೆ. ಬೆಳಗಿನ ಆರೂವರೆ. ಕುಕ್ಕರಹಳ್ಳಿ ಕೆರೆ ಸುತ್ತಿ ಬಂದವರ ಮಾತು ಕಾಂಪೌಂಡಿನಾಚೆ ಹಾದುಹೋಗುತ್ತಿದೆ. ಈಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೂರ್ನಾಲ್ಕು ಬದನೆ ಗಿಡ. ಈರನಗೆರೆ ಬದನೆ, ಮೈಸೂರಿನದೇ ಹಸಿರು ಕಾಯಿ.

ಬಗ್ಗಿ ನೋಡಿ. ಎಲೆಯ ಮರೆಯಲ್ಲಿ ತಲೆ ತಗ್ಗಿಸಿದ ನೇರಳೆ ಹೂ, ನಡುವೆ ಹಳದಿ ಕೇಸರ. ಕೇಸರದ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ತೂತು. ಪರಾಗ ಅಲ್ಲಿಂದಲೇ ಉದುರಬೇಕು. ಕಪ್ಪು ದುಂಬಿಯೊಂದು ಬಂತು. ಹೂವನ್ನು ತಬ್ಬಿ ಝುಂಯ್ ಎಂದು ನಡುಗಿಸಿತು. ಪರಾಗವೆಲ್ಲ ಅದರ ಹೊಟ್ಟೆಗೆ ಮೆತ್ತಿಕೊಂಡಿತು. ನಮ್ಮ ಜೇನುಹುಳಕ್ಕೆ ಈ ವಿದ್ಯೆ ಬಾರದು. ಇದನ್ನು ಕಂಡ ಮೇಲೆ ಬದನೆಯನ್ನು ಹಗುರವಾಗಿ ಕಾಣಲು ನನಗಂತೂ ಮನಸ್ಸಾಗದು.

"ಆ ಕುಡಿ ನೋಡೇ, ಬಾಡಿದೆ," ಅತ್ತೆಯ ದನಿ. ನೀರಿಗೇನೂ ಕೊರತೆಯಿಲ್ಲ, ಆದರೂ ತುದಿ ಜೋತುಬಿದ್ದಿದೆ. ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಹುಳು, ಕಾಯಿಕೊರಕ. ಪಕ್ಕದಲ್ಲೇ ಮಿರಮಿರ ಮಿಂಚುವ ಕಾಯಿ. ತಿರುಗಿಸಿದರೆ ಹಿಕ್ಕೆ ಮೆತ್ತಿದ ತೂತು, ಕುಯ್ದರೆ ಒಳಗೆಲ್ಲ ಕಪ್ಪು. ಕೈಯಾರೆ ಬೆಳೆಸಿದವರಿಗೇ ಗೊತ್ತು ಆ ಸಂಕಟ. ಈ ಹುಳುವನ್ನು ತಡೆಯಲೆಂದೇ ಕುಲಾಂತರಿ ಬಿಟಿ ಬದನೆ ಬಂದದ್ದು. ದೇಶದ ಉದ್ದಗಲಕ್ಕೂ ವಾದ ನಡೆದು, 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಹಿತ್ತಲಲ್ಲಿ ನಮ್ಮ ಉಪಾಯ ಹಳೆಯದೇ: ಬಾಡಿದ ಕುಡಿ ಚಿವುಟು, ಸುಟ್ಟುಹಾಕು.

ಉಳಿದ ಕಾಯಿ ಅಡುಗೆಮನೆಗೆ ಬಂತು. ಹೋಳು ಕಪ್ಪಾಗದಿರಲೆಂದು ನೀರಿಗೆ, ಅಲ್ಲಿಂದ ಒಗ್ಗರಣೆಗೆ. ವಾಂಗಿಬಾತಿನ ಪುಡಿ ಬಿದ್ದೊಡನೆ ಚಕ್ಕೆ, ಲವಂಗದ ಘಮ ಬೀದಿಗೂ ಹೋಗುತ್ತದೆ. ಹೋಳು ಬೆಂದಿರಬೇಕು, ಕರಗಿರಬಾರದು. ಮೊದಲ ತುತ್ತನ್ನು ಅತ್ತೆ ಕಣ್ಣು ಮುಚ್ಚಿ ಸವಿದರು.

ತಟ್ಟೆಯ ಮುಂದೆ ಕೂತಾಗ ಇನ್ನೊಂದು ನೋವೂ ಬರುತ್ತದೆ. ಈ ಕಾಯಿಗೆ ಹೆಸರು ಕೊಟ್ಟ ಈರನಗೆರೆ ಇಂದು ನಗರದೊಳಗಿನ ಬಡಾವಣೆ. ಬದನೆ ಪಾತಿಯಿದ್ದಲ್ಲಿ ಮನೆಗಳ ಸಾಲು. ನಮ್ಮ ಪಕ್ಕದ ಸೈಟಿನಲ್ಲೂ ಹಿತ್ತಲು ಅಗೆದು ಪಿಲ್ಲರ್ ಎಬ್ಬಿಸಿದ್ದಾರೆ. ಹುಳು ತಿಂದರೆ ಒಂದು ಫಸಲು ಹೋಗುತ್ತದೆ, ಮಣ್ಣೇ ಹೋದರೆ ತಳಿಯೇ ಹೋಗುತ್ತದೆ.

ಅದಕ್ಕೇ ಒಂದು ಒಳ್ಳೆಯ ಕಾಯನ್ನು ಕೀಳದೆ ಬಿಟ್ಟಿದ್ದೇವೆ. ಹಳದಿಯಾಗಿ ಮೆತ್ತಗಾದ ಮೇಲೆ ನೀರಿನಲ್ಲಿ ಕಿವುಚಿ, ಮುಳುಗಿದ ಬೀಜ ಆರಿಸಿ, ನೆರಳಲ್ಲಿ ಒಣಗಿಸಬೇಕು. ನಿಮ್ಮಲ್ಲಿ ಹಿತ್ತಲಿಲ್ಲದಿದ್ದರೆ ತಾರಸಿಯ ಕುಂಡವೂ ಆದೀತು. ಯಾರಾದರೂ ಈರನಗೆರೆ ಬೀಜ ಕೊಟ್ಟರೆ ಬೇಡವೆನ್ನಬೇಡಿ.