ಪ್ಯೂಮಾ ಹೋದದ್ದು ಆ ಕಡೆ

ಈ ಚಳಿಗಾಲದಲ್ಲಿ ನನಗೆ ಧಾರಾಳವಾಗಿ ಸಿಕ್ಕಿದ್ದು ಸಲಹೆ. ನೆವಾಡಾದ ರೂಬಿ ಬೆಟ್ಟಸಾಲಿನ ಬುಡದಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಎರಡು ನಾಯಿಗಳನ್ನು ಹಗ್ಗದಲ್ಲಿ ಹಿಡಿದು ಹಿಮ ನೋಡಿಕೊಂಡು ಹೋಗುತ್ತಿದ್ದರೆ ಪಕ್ಕದಲ್ಲಿ ಪಿಕಪ್ ಟ್ರಕ್ಕೊಂದು ಬಂದು ನಿಲ್ಲುತ್ತದೆ. ಕಿಟಕಿ ಇಳಿಯುತ್ತದೆ. ಹೀಟರಿನ ಬಿಸಿಗಾಳಿಯ ಜೊತೆಗೆ ಒಂದು ಕನಿಕರದ ಮುಖ ಹೊರಗೆ ಬರುತ್ತದೆ. “ಅಣ್ಣಾ, ಪ್ಯೂಮಾ ಹೋದದ್ದು ಆ ಕಡೆ. ನೀನು ಅದು ಬಂದ ಕಡೆಗೆ ಹೋಗ್ತಾ ಇದ್ದೀಯ.” ಗೊತ್ತು ಅಂದರೆ ಕನಿಕರ ಇನ್ನೂ ಹೆಚ್ಚಾಗುತ್ತದೆ.

ನಾಯಿ ಕಟ್ಟಿಕೊಂಡು ಪ್ಯೂಮಾ ಹಿಂದೆ ಬಿದ್ದವರಲ್ಲಿ ಹೆಚ್ಚಿನವರು ಈಗ ರಸ್ತೆ ಬೇಟೆಗಾರರು. ಹಿಮ ಬಿದ್ದು ನಿಂತ ರಾತ್ರಿ ಮಣ್ಣುರಸ್ತೆಗಳಲ್ಲಿ ಮೆಲ್ಲಗೆ ಟ್ರಕ್ ಓಡಿಸುತ್ತಾರೆ. ದಾರಿ ದಾಟಿದ ಹೆಜ್ಜೆ ಕಂಡಿತೋ, ಹಿಂಬದಿಯ ಪೆಟ್ಟಿಗೆ ತೆರೆದು ನಾಯಿ ಬಿಡುತ್ತಾರೆ. ಆಮೇಲೆ ಕಾಫಿ. ನಾಯಿ ಎಲ್ಲಿದೆ, ಎಷ್ಟು ದೂರ ಓಡಿತು, ಎಲ್ಲವನ್ನೂ ಕೊರಳಿನ ಜಿಪಿಎಸ್ ಪಟ್ಟಿಯೇ ಹೇಳುತ್ತದೆ. ನಾಯಿ ಮರದ ಬುಡದಲ್ಲಿ ನಿಂತ ಸುದ್ದಿಯೂ ಪರದೆಯ ಮೇಲೇ ಬರುತ್ತದೆ. ಹತ್ತಿರದ ರಸ್ತೆಯವರೆಗೆ ಟ್ರಕ್ಕಿನಲ್ಲಿ ಹೋಗಿ, ಉಳಿದಷ್ಟನ್ನು ಏದುಸಿರು ಬಿಡುತ್ತ ಹತ್ತಿ, ಫೋಟೊ ತೆಗೆಸಿಕೊಂಡು ಇಳಿದು ಬಂದರೆ ಅದಕ್ಕೆ ಬೇಟೆ ಎಂದು ಹೆಸರು. ಪಟ್ಟಿ ನನ್ನ ನಾಯಿಗಳಿಗೂ ಇದೆ, ಕಳೆದುಹೋದರೆ ಹುಡುಕುವುದಕ್ಕೆ. ಅದರ ಯಂತ್ರ ಮಾತ್ರ ನನ್ನ ಚೀಲದ ತಳದಲ್ಲಿ, ಚಪಾತಿ ಡಬ್ಬಿಯ ಕೆಳಗಿರುತ್ತದೆ.

ಹೆಜ್ಜೆ ಕಂಡ ಕೂಡಲೇ ನಾಯಿ ಬಿಡುವವರು ಹೆಜ್ಜೆಯನ್ನು ನೋಡಿರುವುದೇ ಇಲ್ಲ. ಅದರ ಪಕ್ಕ ಮಂಡಿಯೂರಿ, ಕೈಗವಸು ಕಳಚಿ, ಬರಿ ಬೆರಳಲ್ಲಿ ಅಂಚು ಮುಟ್ಟಬೇಕು. ತುಳಿತಕ್ಕೆ ಸಿಕ್ಕಿದ ಹಿಮದ ಕಣಗಳು ಹೊತ್ತು ಕಳೆದಂತೆ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಅಂಚು ಪುಡಿಪುಡಿಯಾಗಿ ಉದುರಿದರೆ ಹೆಜ್ಜೆ ಹೊಸದು. ಹಪ್ಪಳದ ಹಾಗೆ ಚೂರು ಮುರಿದು ಬಂದರೆ ಹಳೆಯದು. ಪಕ್ಕದಲ್ಲೇ ಮುಷ್ಟಿ ಒತ್ತಿ ಎರಡನ್ನೂ ಹೋಲಿಸಿ ನೋಡಬೇಕು. ರಾತ್ರಿ ಮೋಡವಿಲ್ಲದಿದ್ದರೆ ಗುಳಿಯೊಳಗೆ ಹೆಪ್ಪುಗಟ್ಟಿದ ಇಬ್ಬನಿಯ ಸೂಜಿಗಳು ಎದ್ದಿರುತ್ತವೆ. ಸೂಜಿ ಒಂದೂ ಇಲ್ಲವೆಂದರೆ ಬೆಳಗಿನ ಜಾವದ ನಡಿಗೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಮಾತ್ರ ಈ ಯಾವ ಲೆಕ್ಕವೂ ನಡೆಯದು. ಅಲ್ಲಿ ಬಿಸಿಲಿಗೆ ಗುಳಿ ಕರಗಿ ಅಗಲವಾಗಿ, ಬಾಬ್‌ಕ್ಯಾಟಿನ ಪುಟ್ಟ ಹೆಜ್ಜೆಯೂ ಪ್ಯೂಮಾದ್ದಾಗಿಬಿಡುತ್ತದೆ. ಹಾಗೆ ಬಾಬ್‌ಕ್ಯಾಟಿನ ಹಿಂದೆ ದಿನವಿಡೀ ಅಲೆದವರ ಕತೆಗಳು ಎಲ್ಕೊ ಊರಿನ ಹೋಟೆಲುಗಳಲ್ಲಿ ಬೇಕಾದಷ್ಟಿವೆ. ಹೇಳುವವರು ಯಾರೂ ಅದು ತಮ್ಮದೆನ್ನುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಾನು ನಾಯಿ ಬಿಡುವುದಿಲ್ಲ. ಹೆಜ್ಜೆ ಹಿಡಿದು ಹಿಂದಕ್ಕೆ ನಡೆಯುತ್ತೇನೆ, ಗಂಟೆಯಾಗಲಿ, ಎರಡು ಗಂಟೆಯಾಗಲಿ. ಒಂಟಿ ಹೆಜ್ಜೆ ಎಂದರೆ ಒಂಟಿ ಪ್ರಾಣಿ ಎಂದಲ್ಲ. ಪ್ಯೂಮಾ ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಮರಿ ಹಾಕುತ್ತದೆ, ಮರಿಗಳು ಒಂದು ವರ್ಷ ಕಳೆದರೂ ತಾಯಿಯನ್ನು ಬಿಡುವುದಿಲ್ಲ. ತಾಯಿ ಹೊರಗೆ ಹೊರಟಾಗ ಅವುಗಳನ್ನು ಬಂಡೆಯ ಸಂದಿಯಲ್ಲೋ, ಕೊಂದಿಟ್ಟ ಜಿಂಕೆಯ ಪಕ್ಕದಲ್ಲೋ ಬಿಟ್ಟು ಬರುತ್ತಾಳೆ. ಚುಕ್ಕೆ ಮಾಸದ ಮರಿಗಳೊಂದಿಗಿರುವ ತಾಯಿಯನ್ನು ಕೊಲ್ಲಬಾರದೆಂದು ಇಲ್ಲಿಯ ಕಾನೂನು ಹೇಳುತ್ತದೆ. ಮರದ ಕೆಳಗೆ ಮರಿ ಕಾಣಿಸದಿದ್ದರೆ ಮರಿಯೇ ಇಲ್ಲ ಎಂಬುದು ಜಾಣರ ವಾದ. ಗಂಡೋ ಹೆಣ್ಣೋ ಎಂಬುದನ್ನು ಮರದ ಮೇಲಿರುವಾಗಲೇ ನೋಡಿಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಗಂಡಿನ ಗುರುತಾದ ಕಪ್ಪು ಚುಕ್ಕೆ ಇರುವುದು ಬಾಲದ ಕೆಳಗೆ. ಏಳೆಂಟು ನಾಯಿಗಳು ಕೆಳಗೆ ಅರಚುತ್ತಿರುವಾಗ ಬಾಲವೆತ್ತಿ ತೋರಿಸುವಷ್ಟು ಧಾರಾಳಿ ಪ್ಯೂಮಾವನ್ನು ನಾನಂತೂ ಕಂಡಿಲ್ಲ. ಹಿಂಜಾಡಿನಲ್ಲಾದರೆ ಗಂಡು ತಾನೇ ಹೇಳಿಕೊಂಡಿರುತ್ತದೆ: ಜೂನಿಪರ್ ಬುಡದಲ್ಲಿ ಹಿಂಗಾಲಿನಿಂದ ಕೆರೆದು, ಸಣ್ಣ ಗುಪ್ಪೆ ಮಾಡಿ, ಅದರ ಮೇಲೆ ಮೂತ್ರ ಹೊಯ್ದು ಹೋಗಿರುತ್ತದೆ.

ಜನವರಿಯಲ್ಲಿ ಹೀಗೇ ಹಿಂದಕ್ಕೆ ಹೊರಟ ಹೆಜ್ಜೆ ಮೊದಲು ಬಂಡೆಯಂಚಿಗೆ ಹತ್ತಿಸಿತು. ಅಲ್ಲಿಂದ ಕೆಳಗಿನ ಹಿಮಕ್ಕೆ ನಾಲ್ಕೂ ಕಾಲು ಒಟ್ಟಿಗೆ ಊರಿ ಹಾರಿದ ಗುಳಿ ಇತ್ತು. ಪ್ಯೂಮಾಕ್ಕೆ ಅದೊಂದು ನೆಗೆತ, ನನಗೆ ಅರ್ಧ ಗಂಟೆಯ ಸುತ್ತುದಾರಿ. ಮೇಲೆ ಸೇಜ್‌ಬ್ರಶ್ ಪೊದೆಗಳ ನಡುವೆ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿದ ಗೀಟು, ಅದರ ತುದಿಯಲ್ಲಿ ಚೆಲ್ಲಾಪಿಲ್ಲಿಯಾದ ಜಿಂಕೆ ಗೊರಸುಗಳು. ಆ ಬೇಟೆ ತಪ್ಪಿತ್ತು. ಇನ್ನೂ ಹಿಂದೆ, ಪಿನ್ಯನ್ ಮರವೊಂದರ ಕೆಳಗೆ, ಹಳೆಯ ಬೇಟೆ. ಮ್ಯೂಲ್ ಜಿಂಕೆಯ ಹೊಟ್ಟೆಯ ಮೇಲಿನ ಕೂದಲನ್ನು ಹಲ್ಲಿನಿಂದಲೇ ಬೋಳಿಸಿ, ಪಕ್ಕೆಲುಬಿನ ಹಿಂದಿನಿಂದ ಬಗೆದು ತಿಂದು, ಉಳಿದದ್ದರ ಮೇಲೆ ಹಿಮ, ಕಡ್ಡಿ, ಎಲೆ ಎಳೆದು ಮುಚ್ಚಿತ್ತು. ಅದರ ಸುತ್ತ ಎರಡು ಜೊತೆ ಪುಟ್ಟ ದುಂಡು ಹೆಜ್ಜೆಗಳು, ಜಿಂಕೆಯ ಕಿವಿಯೊಂದನ್ನು ಎಳೆದಾಡಿ ಆಡಿದ ಗುರುತು.

ನಾಯಿಗಳನ್ನು ಎಳೆದುಕೊಂಡು ಇಳಿಯುವಷ್ಟರಲ್ಲಿ ಎದುರು ದಿಬ್ಬದಲ್ಲಿ ಬೇರೆ ನಾಯಿಗಳ ಕೂಗು. ನಾವು ನಿಲ್ಲಿಸಿದ್ದ ಗಾಡಿಯ ಪಕ್ಕದಲ್ಲೇ ಯಾರೋ ಟ್ರಕ್ ನಿಲ್ಲಿಸಿ, ಅದೇ ಹೆಜ್ಜೆಯ ಮೇಲೆ ನಾಯಿ ಬಿಟ್ಟಿದ್ದರು! ಹೋಗಿ ಹೇಳಿದರೆ, “ಒಂದೇ ಹೆಜ್ಜೆ ಇತ್ತಲ್ಲ” ಎಂಬ ಉತ್ತರ. ಹೌದು ಮಾರಾಯ, ಒಂದೇ ಇತ್ತು. ಉಳಿದ ಎರಡು ಜೊತೆ ನೋಡಬೇಕಾದರೆ ಟ್ರಕ್ಕಿನಿಂದ ಇಳಿಯಬೇಕಿತ್ತು. ಮರಿ ಹೆಜ್ಜೆಗಳ ಫೋಟೊ ತೋರಿಸಿದ ಮೇಲೆ ಆತ ನಾಯಿಗಳನ್ನು ಕಟ್ಟಿಕೊಂಡು ಹೊರಟ. ತನ್ನ ಶನಿವಾರವನ್ನು ನಾನು ಹಾಳು ಮಾಡಿದೆನೆಂದು ಗೊಣಗುವುದನ್ನು ಮರೆಯಲಿಲ್ಲ.

ಕಾಲ್ನಡಿಗೆಯಲ್ಲಿ ಇದೆಲ್ಲ ಆಗದ ಕೆಲಸ ಎನ್ನುವವರಿಗೆ ನಾನು ವಿಲ್ಬರ್ ವೈಲ್ಸ್ ಹೆಸರು ಹೇಳುತ್ತೇನೆ. 1964ರಲ್ಲಿ ಮಾರಿಸ್ ಹಾರ್ನಾಕರ್ ಎಂಬ ವಿಜ್ಞಾನಿ ಐಡಹೋದ ಬಿಗ್ ಕ್ರೀಕ್ ಕಣಿವೆಯಲ್ಲಿ ಪ್ಯೂಮಾಗಳ ಅಧ್ಯಯನ ಶುರು ಮಾಡಿದಾಗ ಜೊತೆಗಿದ್ದ ಹೌಂಡ್ ಬೇಟೆಗಾರ ಈತ. ರಸ್ತೆಯೇ ಇಲ್ಲದ ಕಾಡು. ಚಳಿಗಾಲವೆಲ್ಲ ಬೆನ್ನ ಮೇಲೆ ಹೊರೆ ಹೊತ್ತು ನಡೆದು, ನಾಯಿಗಳಿಂದ ಪ್ಯೂಮಾವನ್ನು ಮರ ಹತ್ತಿಸಿ, ಮಂಪರಿನ ಸೂಜಿ ಹೊಡೆದು, ತಾವೂ ಮರ ಹತ್ತಿ ಹಗ್ಗ ಕಟ್ಟಿ ಇಳಿಸಿ, ಗುರುತು ಹಾಕಿ ಬಿಟ್ಟುಬಿಡುತ್ತಿದ್ದರು. ಮರುವರ್ಷ ಅದೇ ಪ್ಯೂಮಾ, ಅದೇ ಕೆಲಸ. ಪ್ಯೂಮಾಗಳು ಜಿಂಕೆಗಳನ್ನು ತಿಂದು ಮುಗಿಸುತ್ತವೆ ಎಂದು ತಲೆಗಿಷ್ಟು ಇನಾಮು ಕೊಟ್ಟು ಕೊಲ್ಲಿಸಿದ್ದ ನಾಡಿನಲ್ಲಿ, ಅವು ತಮ್ಮತಮ್ಮ ಗಡಿ ಕಾಯ್ದುಕೊಂಡು ತಮ್ಮ ಸಂಖ್ಯೆಯನ್ನು ತಾವೇ ಹಿಡಿತದಲ್ಲಿಟ್ಟುಕೊಳ್ಳುತ್ತವೆ ಎಂದು ಈ ಇಬ್ಬರ ನಡಿಗೆ ತೋರಿಸಿತು. ಅದಕ್ಕೂ ಬೇಕಾದದ್ದು ಇದೇ ನಾಯಿ, ಇದೇ ಹಿಮ.

ಮತ ಹಾಕುವವರಿಗೆ ಇದು ಗೊತ್ತಿಲ್ಲ, ಗೊತ್ತಾಗುವ ಹಾಗೆ ನಾವು ನಡೆದುಕೊಂಡೂ ಇಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1990ರಲ್ಲಿ ಪ್ಯೂಮಾ ಬೇಟೆಯನ್ನೇ ನಿಲ್ಲಿಸಿದರು. ಒರೆಗಾನ್‌ನವರು 1994ರಲ್ಲಿ, ವಾಷಿಂಗ್ಟನ್‌ನವರು 1996ರಲ್ಲಿ ನಾಯಿ ಬಿಡುವುದನ್ನು ನಿಲ್ಲಿಸಿದರು. 2024ರಲ್ಲಿ ಕೊಲರಾಡೊ ಮತಕ್ಕೆ ಹಾಕಿ, ಬೇಟೆ ಇರಲಿ ಎಂದಿತು. ಪಕ್ಕದ ಯೂಟಾ 2023ರಲ್ಲಿ ಪೂರ್ತಿ ಉಲ್ಟಾ ಹೊಡೆದು, ವರ್ಷವಿಡೀ ಹೊಡೆಯಿರಿ ಎಂದು ಬಾಗಿಲು ತೆರೆದಿಟ್ಟಿತು. ಯೂಟಾದವರ ಮೇಲೆ ನನಗಿರುವ ಸಿಟ್ಟು ಕ್ಯಾಲಿಫೋರ್ನಿಯಾದವರ ಮೇಲಿಲ್ಲ. ಟ್ರಕ್ಕಿನವರ ಮೇಲಿರುವ ಸಿಟ್ಟು ಇಬ್ಬರ ಮೇಲೂ ಇಲ್ಲ.

ನಾಯಿಗಳ ವಿಷಯಕ್ಕೆ ಬರುತ್ತೇನೆ, ಅದು ಹೆಚ್ಚು ಸಂತೋಷದ್ದು. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುತ್ತದೆ, ಸದ್ದಿಲ್ಲದೆ ಓಡುತ್ತದೆ; ಬಯಲುಸೀಮೆಗೆ ಅದು ಸರಿ. ಇಲ್ಲಿ ಪ್ರಾಣಿ ಕಣ್ಣಿಗೆ ಬೀಳುವುದು ಕಟ್ಟಕಡೆಗೆ, ಅಲ್ಲಿಯವರೆಗೆ ಎಲ್ಲವೂ ಮೂಗು, ಗಂಟಲು. ನನ್ನ ಬ್ಲೂಟಿಕ್ ಹೌಂಡಿನ ಹೆಸರು ಚೌಡಿ (ನೆರೆಯವರ ಬಾಯಲ್ಲಿ ಚೌಡರ್). ಆರಿದ ಜಾಡಿನ ಮೇಲೆ ಅವಳದು ಎಳೆದೆಳೆದು ಒಂದೊಂದೇ ಕೂಗು. ಜಾಡು ಬಿಸಿಯಾದಂತೆ ಕೂಗು ಒತ್ತೊತ್ತಾಗಿ ಬರುತ್ತದೆ. ಪ್ಯೂಮಾ ಎದ್ದು ಓಡಿತೆಂದರೆ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ಮರ ಹತ್ತಿದ ಮೇಲೆ ಗಂಟಲು ಪೂರ್ತಿ ಬೇರೆ: ಗಿಡ್ಡ ಬೊಗಳು, ಒಂದೇ ಲಯ, ಗಂಟೆಗಟ್ಟಲೆ. ಇದನ್ನು ಎರಡು ಕಣಿವೆಯಾಚೆ ನಿಂತು ಕೇಳಿದವರಿಗೆ ಪರದೆಯ ಮೇಲಿನ ಬಾಣದ ಗುರುತು ಯಾಕೆ ಬೇಕೋ.

ಆದರೆ ಹಿಂಜಾಡು ಅವಳಿಗೆ ಒಪ್ಪಿಗೆಯಿಲ್ಲ. ಹೆಜ್ಜೆಹೆಜ್ಜೆಗೆ ವಾಸನೆ ಆರುತ್ತ ಹೋಗುವ ಕಡೆಗೆ ಎಳೆದೊಯ್ಯುವ ಒಡೆಯನ ಬಗ್ಗೆ ಅವಳಿಗೆ ಇರುವ ಅಭಿಪ್ರಾಯ ಟ್ರಕ್ಕಿನವರದ್ದೇ. ಹಾಗೆಂದು ಗಾಡಿಯಲ್ಲಿ ಕೂಡಿಹಾಕಿ ಹೋದರೆ ಕಣಿವೆಗೆಲ್ಲ ಕೇಳುವ ಹಾಗೆ ಅರಚುತ್ತಾಳೆ, ಆ ಸದ್ದು ಕೇಳಿ ಇನ್ನೂ ನಾಲ್ಕು ಟ್ರಕ್ ಬರುತ್ತವೆ. ಅದಕ್ಕೇ ಹಗ್ಗ ಬಿಗಿ ಹಿಡಿದು ಎಳೆದುಕೊಂಡೇ ಹೋಗುತ್ತೇನೆ. ಭುಜದ ನೋವಿಗೆ ಹೆಂಡತಿ ಊರಿನಿಂದ ತರಿಸಿದ ಮಹಾನಾರಾಯಣ ತೈಲವಿದೆ.